ನಾಕ್ಸೋಸ್ ದ್ವೀಪದಲ್ಲಿ ಒಂಬತ್ತು ದಿನ

ಪರಸ್ಥಳದಲ್ಲಿ ನೌಕರಿ ಮಾಡುವ ಕನ್ನಡಿಗರಿಗೆ ರಜೆ ಎಂದರೆ ಊರು; ಊರು ಎಂದರೆ ಮದುವೆ, ಉಪನಯನ, ಗೃಹಪ್ರವೇಶ, ಶ್ರಾದ್ಧ. ಬಸ್ಸಿನಲ್ಲಿ ಒಂದು ರಾತ್ರಿ ನಿದ್ದೆಗೆಟ್ಟು ಹೋಗಿ, ನಾಲ್ಕು ದಿನ ಬಂಧುಗಳ ಮನೆಗಳನ್ನು ಸುತ್ತಿ, ಅಪ್ಪೆಮಿಡಿಯ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ರಾತ್ರಿ ನಿದ್ದೆಗೆಟ್ಟು ಪುಣೆಗೆ ಮರಳುವುದಕ್ಕೆ ನಾವು ‘ವಿಶ್ರಾಂತಿ’ ಎಂದು ಹೆಸರಿಟ್ಟುಕೊಂಡಿದ್ದೇವೆ. ಇದರಲ್ಲಿ ಸುಖವಿಲ್ಲವೆಂದಲ್ಲ. ಆದರೆ ಗಂಡ ಹೆಂಡತಿ ಇಬ್ಬರೇ ಒಂದೆಡೆ ಕುಳಿತು, ಗಡಿಯಾರ ನೋಡದೆ ಹರಟೆ ಹೊಡೆಯುವುದು ಅದರಲ್ಲಿ ಸೇರಿಲ್ಲ. ಹತ್ತು ವರ್ಷದ ದಾಂಪತ್ಯದಲ್ಲಿ ಊರಿಗೆ ಹೋಗದೆ ನಾವು ಕಳೆದ ರಜೆ ಇದೇ ಮೊದಲು.

ಗ್ರೀಸ್ ದೇಶಕ್ಕೆ ಹೋಗಿಬಂದೆವೆಂದು ತಿಳಿದ ಸಂಘದ ಗೆಳತಿಯರು, ಅಥೆನ್ಸಿನಲ್ಲಿ ಏನೇನು ನೋಡಿದಿರಿ, ಎಷ್ಟು ದ್ವೀಪ ಸುತ್ತಿದಿರಿ ಎಂದು ಕೇಳಿದರು. ಒಂದೇ ದ್ವೀಪ, ಒಂಬತ್ತು ದಿನ ಎಂದಾಗ, ‘ಅಯ್ಯೋ, ಅಷ್ಟು ದುಡ್ಡು ಸುರಿದು ಒಂದೇ ಕಡೆ ಕುಳಿತಿರಾ? ಅಲ್ಲಿ ಮಾಡಿದ್ದಾದರೂ ಏನು?’ ಎಂದು ಬೆರಗಾದರು. ಅವರಿಗೆ ಬಾಯಿಮಾತಿನಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ಹಣದ ಮಾತು ಮೊದಲೇ ಮುಗಿಸಿಬಿಡುವುದು ಲೇಸು. ಆರು ವರ್ಷ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಕೂಡಿಟ್ಟ ಹಣ ಅದು. ಸರ್ಕಾರಿ ನೌಕರರು ಸ್ವಂತ ಕೆಲಸಕ್ಕಾಗಿ ಹೊರದೇಶಕ್ಕೆ ಹೋಗಬೇಕಾದರೆ ಕಚೇರಿಯ ಅನುಮತಿಪತ್ರ ಬೇಕು. ಅದಾದ ಮೇಲೆ ಷೆಂಗೆನ್ ವೀಸಾ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹಾರುತ್ತ ಹೋದರೆ ಹಡಗಿನ ಖರ್ಚು ಬೆಳೆಯುತ್ತದೆ. ಒಂದೇ ಕಡೆ ನಿಂತರೆ ಬಾಡಿಗೆಯೂ ಇಳಿಯುತ್ತದೆ, ಮನಸ್ಸೂ ಇಳಿಯುತ್ತದೆ. ಸೆಪ್ಟೆಂಬರ್ ತಿಂಗಳ ಕೊನೆಯನ್ನು ಆರಿಸಿಕೊಂಡೆವು. ಜುಲೈ ಆಗಸ್ಟಿನಲ್ಲಿ ಉತ್ತರದಿಂದ ‘ಮೆಲ್ತೇಮಿ’ ಎಂಬ ಗಾಳಿ ಬಲವಾಗಿ ಬೀಸುತ್ತದೆ, ಜನಜಂಗುಳಿಯೂ ಆಗಲೇ. ಸೆಪ್ಟೆಂಬರಿನಲ್ಲಿ ಎರಡೂ ತಗ್ಗಿ, ಸಮುದ್ರದ ನೀರು ಮಾತ್ರ ಬೆಚ್ಚಗೆ ಉಳಿದಿರುತ್ತದೆ.

ಅಥೆನ್ಸಿನ ಬಂದರು ಪಿರೇಯಸ್. ಅಲ್ಲಿಂದ ದೊಡ್ಡ ಹಡಗಿನಲ್ಲಿ ನಾಕ್ಸೋಸಿಗೆ ಸುಮಾರು ಐದೂವರೆ ಗಂಟೆಯ ದಾರಿ. ಹಡಗಿನ ಹಿಂಬದಿಯ ಬಾಗಿಲು ಕೆಳಕ್ಕಿಳಿದು, ಲಾರಿ, ಕಾರು, ಮೋಟಾರು ಸೈಕಲ್ಲು, ಮನುಷ್ಯರು ಎಲ್ಲರನ್ನೂ ಒಟ್ಟಿಗೆ ನುಂಗುತ್ತದೆ. ವಿದೇಶೀ ಪ್ರವಾಸಿಗಳು ಬೆನ್ನಿಗೆ ಚೀಲ ಕಟ್ಟಿ ಮೇಲಟ್ಟಕ್ಕೆ ಓಡಿದರು. ನಮ್ಮ ಪಕ್ಕದಲ್ಲಿ ಕುಳಿತ ಕುಟುಂಬವೊಂದು ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆ, ಹೊಸ ಒಲೆ, ಮೊಮ್ಮಗುವಿನ ತೊಟ್ಟಿಲು ಹೊತ್ತು ತಂದಿತ್ತು. ಊರಿಗೆ ಹೋಗುವವರ ಗಂಟುಮೂಟೆ ಎಲ್ಲ ದೇಶದಲ್ಲಿಯೂ ಒಂದೇ. ಭಾಷೆ ತಿಳಿಯದಿದ್ದರೂ ನಮಗೆ ಗುರುತು ಸಿಕ್ಕಿತು.

ನಾಕ್ಸೋಸ್ ಇರುವುದು ಸೈಕ್ಲಡೀಸ್ ದ್ವೀಪಸ್ತೋಮದಲ್ಲಿ. ಡೆಲೋಸ್ ಎಂಬ ಪವಿತ್ರ ದ್ವೀಪದ ಸುತ್ತ ವರ್ತುಲವಾಗಿ ನಿಂತಿವೆಯೆಂದು ಆ ಹೆಸರು. ಗ್ರೀಕರ ‘ಕೀಕ್ಲೋಸ್’ ಶಬ್ದವೂ ಸಂಸ್ಕೃತದ ‘ಚಕ್ರ’ವೂ ಒಂದೇ ಮೂಲದವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ, ಆದಕಾರಣ ಚಕ್ರದ್ವೀಪಗಳೆಂದು ಕರೆದರೆ ತಪ್ಪಾಗಲಾರದು. ಇವುಗಳಲ್ಲೆಲ್ಲ ನಾಕ್ಸೋಸ್ ದೊಡ್ಡದು; ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರು, ಜನಸಂಖ್ಯೆ 20,000ದ ಆಸುಪಾಸು. ನಡುವೆ 1,004 ಮೀಟರು ಎತ್ತರದ ಝಾಸ್ ಬೆಟ್ಟ. ದೇವರಾಜ ಝ್ಯೂಸ್ ಅಲ್ಲಿ ಬೆಳೆದನೆಂದು ಐತಿಹ್ಯ. ಆ ಬೆಟ್ಟವನ್ನು ಹತ್ತಬೇಕೆಂದು ನಮ್ಮವರು ಎರಡು ದಿನ ಹೇಳಿದರು; ಮೂರನೆಯ ದಿನ ಕೆಳಗಿನಿಂದಲೇ ಕೈಮುಗಿದರು.

ಹಡಗು ಬಂದರಿಗೆ ತಿರುಗುವಾಗ ಮೊದಲು ಕಾಣುವುದು ಒಂದು ಬಾಗಿಲು. ಗೋಡೆಯಿಲ್ಲ, ಸೂರಿಲ್ಲ, ಪಲಾತಿಯಾ ಎಂಬ ಸಣ್ಣ ನಡುಗಡ್ಡೆಯ ಮೇಲೆ ಅಮೃತಶಿಲೆಯ ಬಾಗಿಲುವಾಡ ಮಾತ್ರ ಆಕಾಶಕ್ಕೆ ಎದುರಾಗಿ ನಿಂತಿದೆ. ಎತ್ತರ ಸುಮಾರು 6 ಮೀಟರು. ಇಲ್ಲಿಯವರು ‘ಪೋರ್ತಾರಾ’, ಅಂದರೆ ಹೆಬ್ಬಾಗಿಲು ಎನ್ನುತ್ತಾರೆ. ಕ್ರಿ.ಪೂ. 530ರ ಸುಮಾರಿಗೆ ಲಿಗ್ಡಾಮಿಸ್ ಎಂಬ ಸರ್ವಾಧಿಕಾರಿ ಇಲ್ಲಿ ದೊಡ್ಡ ದೇವಾಲಯ ಕಟ್ಟಿಸಲು ತೊಡಗಿದ. ಅದು ಅಪೋಲೋ ದೇವನಿಗೆಂದು ಹಲವರ ಮತ. ಅವನ ಅಧಿಕಾರ ಉರುಳಿತು, ಗುಡಿ ಅರ್ಧಕ್ಕೆ ನಿಂತಿತು. ಮುಂದೆ ಅದರ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಬೇರೆ ಕಟ್ಟಡಗಳಿಗೆ ಒಯ್ದರು. ಬಾಗಿಲು ಮಾತ್ರ ಎತ್ತಲಾರದಷ್ಟು ಭಾರವಾಗಿ ಉಳಿಯಿತು. ಥೀಸಿಯಸ್ ವೀರನು ತನ್ನನ್ನು ಕಾಪಾಡಿದ ರಾಜಕುಮಾರಿ ಅರಿಯಾಡ್ನೆಯನ್ನು, ನಿದ್ರೆಯಲ್ಲಿದ್ದಾಗಲೇ ಬಿಟ್ಟು ಹಡಗೇರಿ ಹೋದದ್ದು ಈ ದ್ವೀಪದಲ್ಲಿಯೇ ಎಂದು ಪುರಾಣ. ಅವಳನ್ನು ಕೈಹಿಡಿದವನು ದ್ರಾಕ್ಷಾರಸದ ದೇವತೆ ಡಯೊನೈಸಸ್. ಸಂಜೆಯ ಹೊತ್ತು ಊರಿನವರೂ ಪ್ರವಾಸಿಗಳೂ ಈ ಬಾಗಿಲಿನ ಬಳಿ ಕುಳಿತು ಸೂರ್ಯಾಸ್ತ ನೋಡುತ್ತಾರೆ. ಒಂಬತ್ತರಲ್ಲಿ ಏಳು ಸಂಜೆ ನಾವೂ ಹಾಗೆಯೇ ಮಾಡಿದೆವು.

ಬಂದರಿನ ಊರಿಗೆ ‘ಹೋರಾ’ ಎಂದು ಹೆಸರು. ಅದರ ನೆತ್ತಿಯ ಮೇಲೆ ‘ಕಾಸ್ತ್ರೋ’ ಎಂಬ ಕೋಟೆ. 1207ರಲ್ಲಿ ಮಾರ್ಕೊ ಸನೂದೊ ಎಂಬ ವೆನಿಸ್ ನಗರದವನು ಈ ದ್ವೀಪಗಳನ್ನು ಗೆದ್ದು ನಾಕ್ಸೋಸನ್ನು ರಾಜಧಾನಿಯಾಗಿ ಮಾಡಿಕೊಂಡ. ಆಮೇಲೆ 1566ರಲ್ಲಿ ತುರ್ಕರು ಬಂದರು. ಕೋಟೆಯೊಳಗೆ ಇಂದಿಗೂ ಕ್ಯಾಥೊಲಿಕ್ ಇಗರ್ಜಿಯಿದೆ. ಹಳೆಯ ಮನೆಗಳ ಬಾಗಿಲ ಮೇಲೆ ವೆನಿಸ್ ಮನೆತನಗಳ ಲಾಂಛನಗಳಿವೆ. ಪ್ರಸಿದ್ಧ ಕಾದಂಬರಿಕಾರ ನಿಕೋಸ್ ಕಜಾನ್‌ಜಾಕೀಸ್ ಬಾಲ್ಯದಲ್ಲಿ ಕೆಲಕಾಲ ಇಲ್ಲಿಯ ಫ್ರೆಂಚ್ ಶಾಲೆಯಲ್ಲಿ ಓದಿದ. ಓಣಿಗಳು ಎಷ್ಟು ಇಕ್ಕಟ್ಟೆಂದರೆ ಎದುರಿಗೆ ಒಬ್ಬರು ಬಂದರೆ ಒಬ್ಬರು ಗೋಡೆಗೆ ಒರಗಬೇಕು, ಇಬ್ಬರೂ ನಗಬೇಕು.

ನಮ್ಮ ದಿನಚರಿ ಹೇಳಿದರೆ ಕೆಲವರಿಗೆ ನಗು ಬಂದೀತು. ಬೆಳಿಗ್ಗೆ ಎಂಟಕ್ಕೆ ಏಳುವುದು. ‘ಕಾಫೆನೀಯೋ’ದಲ್ಲಿ ಕಾಫಿ. ಪುಡಿಯನ್ನೂ ಸಕ್ಕರೆಯನ್ನೂ ನೀರಿನೊಡನೆಯೇ ಸಣ್ಣ ಹಿಡಿಕೆಯ ಪಾತ್ರೆಯಲ್ಲಿ ಕಾಯಿಸಿ, ಗಷ್ಟಿನ ಸಮೇತ ಬಟ್ಟಲಿಗೆ ಹೊಯ್ಯುತ್ತಾರೆ. ಗಷ್ಟು ತಳಕ್ಕೆ ಇಳಿಯುವವರೆಗೆ ಕಾಯಬೇಕು. ಫಿಲ್ಟರ್ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಎರಡು ನಿಮಿಷದಲ್ಲಿ ಮುಗಿಸಿ ಬಸ್ಸಿಗೆ ಓಡುವ ನಮಗೆ ಈ ಕಾಯುವಿಕೆಯೇ ಮೊದಲ ಪಾಠವಾಯಿತು. ಅಕ್ಕಪಕ್ಕದಲ್ಲಿ ಮುದುಕರು ಜಪಸರದಂಥ ಮಣಿಮಾಲೆಯನ್ನು ಬೆರಳಲ್ಲಿ ತಿರುಗಿಸುತ್ತ ಕುಳಿತಿರುತ್ತಾರೆ. ಜಪವೇನೂ ಇಲ್ಲ, ಕೈಗೊಂದು ಕೆಲಸ, ಅಷ್ಟೆ.

ಆಮೇಲೆ ಸಮುದ್ರಸ್ನಾನ. ಊರಿಗೆ ಅಂಟಿಕೊಂಡೇ ಇರುವ ಸೇಂಟ್ ಜಾರ್ಜ್ ತೀರದಲ್ಲಿ ಬಹಳ ದೂರದವರೆಗೂ ನೀರು ಸೊಂಟಮಟ್ಟ. ಶಿರಸಿ ಸೀಮೆಯ ಕೆರೆಯಲ್ಲಿ ಮಾತ್ರ ಇಳಿದು ಗೊತ್ತಿದ್ದ ನಮಗೆ ಅಷ್ಟು ಸಾಕಾಯಿತು. ಮಧ್ಯಾಹ್ನದ ಊಟದ ಮೇಲೆ ಊರಿಗೆ ಊರೇ ಮಲಗುತ್ತದೆ. ಬೇಸಿಗೆಯ ಕಾಲದಲ್ಲಿ ಮೂರು ಗಂಟೆಯಿಂದ ಐದೂವರೆವರೆಗೆ ಗದ್ದಲ ಮಾಡಬಾರದೆಂದು ಆ ದೇಶದಲ್ಲಿ ಕಾನೂನೇ ಇದೆ! ನಿದ್ದೆಗೆ ಸರ್ಕಾರದ ರಕ್ಷಣೆ ಇರುವುದನ್ನು ಕಂಡು ನಮ್ಮವರಿಗೆ ಆದ ಆನಂದ ಅಷ್ಟಿಷ್ಟಲ್ಲ.

ಸಸ್ಯಾಹಾರಿಗಳ ಗತಿ ಏನೆಂದು ಎಲ್ಲರೂ ಕೇಳುತ್ತಾರೆ. ನಮಗೆ ಒಂದು ದಿನವೂ ಉಪವಾಸವಾಗಲಿಲ್ಲ. ಸಸ್ಯಾಹಾರಿಗೆ ಅಲ್ಲಿ ‘ಹೊರ್ತೊಫಾಗೊಸ್’ ಎನ್ನುತ್ತಾರೆ; ಸೊಪ್ಪುಸದೆ ತಿನ್ನುವವನು ಎಂದು ಅರ್ಥ. ಅದಕ್ಕಿಂತ ಉಪಯೋಗದ ಮಾತು ‘ನಿಸ್ತೀಸಿಮೊ’, ಅಂದರೆ ವ್ರತದ ಅಡಿಗೆ. ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಬುಧವಾರ, ಶುಕ್ರವಾರ ಮತ್ತು ಈಸ್ಟರಿಗೆ ಮುಂಚಿನ ವಾರಗಳಲ್ಲಿ ಮಾಂಸ, ಮೊಟ್ಟೆ, ಹಾಲು ಬಿಡುವ ವ್ರತವುಂಟು. ಆದ್ದರಿಂದ ಬೇಳೆ, ಕಾಳು, ತರಕಾರಿಯ ಅಡಿಗೆ ಅಲ್ಲಿ ಹಳೆಯದು. ಒಂದು ಎಚ್ಚರಿಕೆ: ಆ ವ್ರತದಲ್ಲಿ ಸಿಗಡಿ, ಚಿಪ್ಪಿನ ಪ್ರಾಣಿಗಳಿಗೆ ನಿಷೇಧವಿಲ್ಲ, ಅದನ್ನು ಬೇರೆಯಾಗಿ ಕೇಳಿಕೊಳ್ಳಬೇಕು. ಹಳದಿ ಬೇಳೆಯನ್ನು ಕುದಿಸಿ ಅರೆದ ‘ಫಾವಾ’ ನಮ್ಮ ತೊವ್ವೆಯ ದಾಯಾದಿ. ದೊಡ್ಡ ಬಿಳಿ ಅವರೆಯಂಥ ಕಾಳನ್ನು ಟೊಮೆಟೊ ಸಾರಿನಲ್ಲಿ ಬೇಯಿಸುತ್ತಾರೆ. ಟೊಮೆಟೊ, ದೊಣ್ಣೆಮೆಣಸಿನಕಾಯಿಗಳಲ್ಲಿ ಅನ್ನ ತುಂಬಿದ ‘ಯೆಮಿಸ್ತಾ’ ಉಂಟು. ಕಾಡುಸೊಪ್ಪನ್ನು ಬೇಯಿಸಿ ನಿಂಬೆರಸ, ಆಲಿವ್ ಎಣ್ಣೆ ಹಾಕುತ್ತಾರೆ. ನಾಕ್ಸೋಸಿನ ಆಲೂಗಡ್ಡೆಗೆ ಗ್ರೀಸ್ ದೇಶದಲ್ಲೆಲ್ಲ ಹೆಸರು. ನಾಲ್ಕನೆಯ ದಿನ ಒಗ್ಗರಣೆಯ ವಾಸನೆ ನೆನಪಾಯಿತು. ಜತೆಗೆ ಒಯ್ದಿದ್ದ ಚಟ್ನಿಪುಡಿಯನ್ನು ಫಾವಾದ ಮೇಲೆ ಉದುರಿಸಿಕೊಂಡೆವು.

ಇನ್ನೊಂದು ವಿಷಯ ಉತ್ತರ ಕನ್ನಡದವರಿಗೆ ಪ್ರಿಯವಾದೀತು. ನಮ್ಮ ಕಡೆ ಮನೆಗೆ ಬಂದವರಿಗೆ ‘ಆಸರಿಗೆ ಏನು ಬೇಕು?’ ಎಂದು ಕೇಳಿ ಬೆಲ್ಲ, ನೀರು ಮುಂದಿಡುತ್ತಾರಷ್ಟೆ? ಅಲ್ಲಿ ಸಣ್ಣ ತಟ್ಟೆಯಲ್ಲಿ ಒಂದು ಚಮಚ, ಅದರಲ್ಲಿ ಸಕ್ಕರೆಪಾಕದ ಹಣ್ಣು, ಪಕ್ಕದಲ್ಲಿ ತಣ್ಣೀರು. ‘ಚಮಚದ ಸಿಹಿ’ ಎಂದೇ ಅದರ ಹೆಸರು. ನಮಗೆ ಕೊಟ್ಟದ್ದು ಮಾದಲ ಹಣ್ಣಿನ ಸಿಪ್ಪೆಯ ಪಾಕ. ಮಾದಲ ಈ ದ್ವೀಪದ ಹೆಮ್ಮೆ. ಅದರ ಎಲೆಗಳಿಂದ ಭಟ್ಟಿ ಇಳಿಸುವ ‘ಕೀತ್ರೊ’ ಮದ್ಯವನ್ನು ಹಾಲ್ಕಿ ಗ್ರಾಮದ ವಾಲಿಂದ್ರಾಸ್ ಭಟ್ಟಿಯಲ್ಲಿ 1896ರಿಂದ ಮಾಡುತ್ತಿದ್ದಾರೆ. ಗ್ರೀಕರಲ್ಲಿ ‘ಕ್ಸೇನೊಸ್’ ಎಂದರೆ ಅಪರಿಚಿತನೂ ಹೌದು, ಅತಿಥಿಯೂ ಹೌದು. ಎರಡಕ್ಕೂ ಒಂದೇ ಶಬ್ದ.

ಒಂದು ದಿನ ಬಸ್ಸಿನಲ್ಲಿ ದ್ವೀಪದ ಉತ್ತರ ತುದಿಯ ಅಪೋಲೊನಾಸಿಗೆ ಹೋದೆವು. ಅಲ್ಲಿಯ ಹಳೆಯ ಕಲ್ಲುಗಣಿಯಲ್ಲಿ ಅಮೃತಶಿಲೆಯ ಮಹಾಮೂರ್ತಿಯೊಂದು 2,500 ವರ್ಷಗಳಿಂದ ಅಂಗಾತ ಮಲಗಿದೆ. ಉದ್ದ 10.7 ಮೀಟರು, ಎಂದರೆ ಸುಮಾರು 35 ಅಡಿ. ಗಡ್ಡದ ಆಕಾರ ಕಾಣುವುದರಿಂದ ಡಯೊನೈಸಸ್ ದೇವನಿರಬೇಕೆಂದು ವಿದ್ವಾಂಸರ ಊಹೆ. ಕಲ್ಲಿನಲ್ಲಿ ಬಿರುಕುಗಳಿವೆ, ಶಿಲ್ಪಿಗಳು ಮುಗಿಸದೆ ಎದ್ದುಹೋಗಿದ್ದಾರೆ. ಶ್ರವಣಬೆಳಗೊಳದ ಗೊಮ್ಮಟನನ್ನು ಬಂಡೆ ಇದ್ದಲ್ಲಿಯೇ ನಿಲ್ಲಿಸಿ ಕಡೆದರು. ಆತ 58 ಅಡಿ ಎದ್ದು ನಿಂತ. ಇವನನ್ನು ಮಲಗಿಸಿ ಕಡೆದು, ಆಮೇಲೆ ಸಾಗಿಸಿ, ನಿಲ್ಲಿಸುವ ಯೋಜನೆ. ಇವನು ಏಳಲೇ ಇಲ್ಲ. ಆ ಕಲ್ಲಿನ ಮೇಲೆ ಉಳಿಯ ಗೀರುಗಳು ನಿನ್ನೆ ಮೊನ್ನೆಯವೆಂಬಷ್ಟು ಸ್ಪಷ್ಟವಾಗಿವೆ.

ಈಗ ನಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಉಳಿದ ದಿನದ ಸಂಗತಿ. ನಾವು ಇಳಿದುಕೊಂಡಿದ್ದ ಮನೆಯೊಡತಿಗೆ ಎಪ್ಪತ್ತು ದಾಟಿದೆ. ಹರೆಯದಲ್ಲಿ ಹದಿನಾಲ್ಕು ವರ್ಷ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಹೊಲಿಗೆ ಕೆಲಸ ಮಾಡಿದವರು. ಇಂಗ್ಲಿಷು ಚೆನ್ನಾಗಿ ಬರುತ್ತದೆ. ತವರು ಬೆಟ್ಟದ ಮೇಲಿನ ಅಪೀರಾಂಥೋಸ್ ಗ್ರಾಮ. ಪ್ರತಿ ಭಾನುವಾರ ಅಲ್ಲಿಗೆ ಹೋಗುವ ರೂಢಿ. ‘ಬರುತ್ತೀರಾ ಮಕ್ಕಳೇ?’ ಎಂದರು, ಹೊರಟೆವು.

ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. ಆಲಿವ್ ತೋಪುಗಳನ್ನು ದಾಟಿ ಬೆಟ್ಟ ಹತ್ತಿದರೆ, ಅಮೃತಶಿಲೆ ಹಾಸಿದ ಬೀದಿಗಳ ಊರು. 1941ರಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಮೇಲೆ ಹಾರುತ್ತಿದ್ದ ನಾಜಿ ಬಾವುಟವನ್ನು ಗೆಳೆಯನೊಡನೆ ರಾತ್ರೋರಾತ್ರಿ ಹತ್ತಿ ಕಿತ್ತಿಳಿಸಿದ ಮನೋಲಿಸ್ ಗ್ಲೇಜೊಸ್ ಹುಟ್ಟಿದ್ದು ಇಲ್ಲಿ. ಆತ ತೀರಿಕೊಂಡದ್ದು 2020ರಲ್ಲಿ. ಸುತ್ತಣ ಬೆಟ್ಟಗಳಲ್ಲಿ ಸಾಣೆ ಹಿಡಿಯುವ ಎಮೆರಿ ಕಲ್ಲಿನ ಗಣಿಗಳಿದ್ದವು. ಅದು ನಮ್ಮ ಕುರುಂದದ ಜಾತಿಯ ಕಲ್ಲು. 1920ರ ದಶಕದಲ್ಲಿ ಕಂಬಗಳ ಮೇಲೆ ತಂತಿ ಎಳೆದು, ತೊಟ್ಟಿಗಳಲ್ಲಿ ಕಲ್ಲು ತುಂಬಿ ಮುತ್ಸೂನಾ ಬಂದರಿಗೆ ಇಳಿಸುವ ವ್ಯವಸ್ಥೆ ಮಾಡಿದ್ದರು. ಕೃತಕವಾಗಿ ಸಾಣೆಪುಡಿ ಮಾಡುವ ವಿದ್ಯೆ ಬಂದ ಮೇಲೆ ಈ ಕಲ್ಲನ್ನು ಕೇಳುವವರು ಕಡಿಮೆಯಾದರು. ಕಂಬಗಳು ಈಗಲೂ ನಿಂತಿವೆ. ಜನ ಅಥೆನ್ಸಿಗೆ, ಪಿರೇಯಸ್ಸಿಗೆ, ಸಮುದ್ರದಾಚೆಗೆ ಹೋದರು.

ಮನೆಯೊಡತಿ ಸಂಚಿಯಿಂದ ಬೀಗದ ಕೈಗಳ ಗೊಂಚಲು ತೆಗೆದರು. ಹನ್ನೊಂದು ಕೈಗಳು. ಎಲ್ಲವೂ ನೆಂಟರವು, ನೆರೆಯವರವು. ಭಾನುವಾರ ಬಂದು ಒಂದೊಂದೇ ಮನೆಯ ಬಾಗಿಲು ತೆಗೆದು, ಕಿಟಕಿ ತೆರೆದು, ಕಸ ಗುಡಿಸಿ, ದೇವರ ಪಟದ ಮುಂದಿನ ಎಣ್ಣೆಯ ದೀಪ ಹಚ್ಚಿ, ಅದು ಉರಿಯುವಷ್ಟು ಹೊತ್ತು ಕುಳಿತು, ಆರಿಸಿ ಬೀಗ ಹಾಕುತ್ತಾರೆ. ‘ಬೀಗ ಬಿದ್ದ ಮನೆಗೆ ಬೇಗ ವಯಸ್ಸಾಗುತ್ತದೆ’ ಎಂದರು. ಆ ಮನೆಗಳವರು ಬರುವುದು ಈಸ್ಟರಿಗೆ, ಮತ್ತೆ ಆಗಸ್ಟ್ 15ರ ಮಾತೆ ಮರಿಯಳ ಹಬ್ಬಕ್ಕೆ. ಉಳಿದ ದಿನ ಅವರು ಅಥೆನ್ಸಿನಲ್ಲಿ. ಅಲ್ಲಿ ಒಂದೊಂದು ದ್ವೀಪದವರಿಗೆ, ಒಂದೊಂದು ಹಳ್ಳಿಯವರಿಗೆ ತಮ್ಮದೇ ‘ಸೀಲೊಗೊಸ್’, ಅಂದರೆ ಸಂಘ, ಇರುತ್ತದೆ. ಕುಣಿತ, ಊಟ, ಪತ್ರಿಕೆ ಎಲ್ಲ ಉಂಟು. ಇವರ ತಮ್ಮ ಅಂಥದೊಂದು ಸಂಘದ ಖಜಾಂಚಿ. ಚಂದಾ ವಸೂಲಿ ಮಾಡಿ ಮಾಡಿ ರಕ್ತದೊತ್ತಡ ಬಂದಿದೆಯಂತೆ. ನಾವು ಬಿದ್ದು ಬಿದ್ದು ನಕ್ಕೆವು. ನಮ್ಮ ಸಂಘದ ಕಾರ್ಯದರ್ಶಿಗಳು ಕ್ಷಮಿಸಬೇಕು.

ಪರಸ್ಥಳದ ಬದುಕಿಗೆ ಅವರಲ್ಲಿ ‘ಕ್ಸೆನಿತ್ಯಾ’ ಎಂಬ ಮಾತಿದೆ. ಅದರ ಮೇಲೆ ಕಟ್ಟಿದ ಜನಪದ ಗೀತೆಗಳೇ ಒಂದು ರಾಶಿಯಿವೆ. ಮನೆಯೊಡತಿ ಮಾತ್ರ ಹಾಡು ಹೇಳಲಿಲ್ಲ. ‘ನನ್ನ ಮಗನೇ ಬರುವುದಿಲ್ಲ. ಈ ಹನ್ನೊಂದರಲ್ಲಿ ಎರಡನ್ನು ಬರುವ ವರ್ಷ ಪ್ರವಾಸಿಗಳಿಗೆ ಬಾಡಿಗೆ ಕೊಡುತ್ತಾರೆ. ನನ್ನ ಕಾಲು ಇರುವ ತನಕ ಕಿಟಕಿ ತೆರೆಯುತ್ತೇನೆ. ಆಮೇಲಿನದು ಅವರದು’ ಎಂದು ಹೇಳಿ ಮುಂದಿನ ಬಾಗಿಲಿಗೆ ನಡೆದರು.

ಐದನೆಯ ಮನೆಯಲ್ಲಿ ನಮ್ಮವರು ಪೊರಕೆ ತೆಗೆದುಕೊಂಡರು. ಪುಣೆಯ ಮನೆಯಲ್ಲಿ ಆ ಕೈಗೆ ಪೊರಕೆ ಬಂದದ್ದನ್ನು ಕಂಡಿರಲಿಲ್ಲ. ಕೆಲಸ ಮುಗಿದ ಮೇಲೆ ಅಮೃತಶಿಲೆಯ ಮೆಟ್ಟಿಲ ಮೇಲೆ ಕುಳಿತೆವು. ಬನವಾಸಿಯ ಹತ್ತಿರದ ನಮ್ಮ ಮನೆಗೆ ಅತ್ತೆಯವರು ತೀರಿಕೊಂಡ ಮೇಲೆ ಬೀಗ ಬಿದ್ದು ಎರಡು ವರ್ಷ. ಕೈ ನೆರೆಮನೆಯ ಅತ್ತಿಗೆಯ ಹತ್ತಿರ. ಮಾರಿಬಿಡೋಣವೆಂದು ಬೆಂಗಳೂರಿನಿಂದ ಭಾವನವರ ಪತ್ರ ಬಂದು ಐದು ತಿಂಗಳು. ಸಹಿ ಹಾಕಬೇಕೆ, ಬೇಡವೆ? ಐದು ತಿಂಗಳಿಂದ ನಾವಿಬ್ಬರೂ ಆ ಮಾತನ್ನು ಎತ್ತಿರಲಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟುವ ಗಡಿಬಿಡಿ, ರಾತ್ರಿ ದಣಿವು. ಎತ್ತದಿರುವುದಕ್ಕೆ ಕಾರಣಗಳು ಧಾರಾಳವಾಗಿದ್ದವು. ಅಲ್ಲಿ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಕಾರಣ ಯಾವುದೂ ಉಳಿಯಲಿಲ್ಲ.

ನಮ್ಮವರು ಹೇಳಿದರು: ‘ಭಾವನೆಗಾಗಿ ಅಷ್ಟೇ ಇಟ್ಟುಕೊಂಡರೆ ಗೆದ್ದಲು ತಿನ್ನುತ್ತದೆ. ಅಣ್ಣನಿಗೂ ಮಗಳ ಮದುವೆ ಇದೆ, ಅವನದು ತಪ್ಪಲ್ಲ.’ ಸ್ವಲ್ಪ ತಡೆದು, ‘ಆದರೆ ಅಮ್ಮ ಹೋದ ಮೇಲೆ ದೇವರ ಮುಂದೆ ದೀಪ ಹಚ್ಚದೆಯೇ ಬೀಗ ಹಾಕಿ ಬಂದೆವಲ್ಲ’ ಎಂದರು. ಆ ಮಾತು ಅವರ ಮನಸ್ಸಿನಲ್ಲಿ ಎರಡು ವರ್ಷದಿಂದ ಕುಳಿತಿತ್ತೆಂದು ನಮ್ಮ ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದದ್ದು ಅಂದು. ದೀಪಾವಳಿಗೆ ಹೋಗುವುದು, ಎಂಟು ದಿನ ಬಾಗಿಲು ತೆರೆದಿಟ್ಟು ಅಲ್ಲಿಯೇ ಉಣ್ಣುವುದು, ಭಾವನವರನ್ನೂ ಅಕ್ಕನವರನ್ನೂ ಕರೆಯುವುದು. ಮಾರುವ ಮಾತನ್ನು ಆ ಪಡಸಾಲೆಯಲ್ಲಿಯೇ ಕುಳಿತು ಆಡುವುದು: ಇಷ್ಟು ನಿಶ್ಚಯವಾಯಿತು. ಮುಂದೇನೆಂಬುದು ಇನ್ನೂ ಆಗಿಲ್ಲ.

ಬನವಾಸಿಗೂ ಗ್ರೀಕರಿಗೂ ಹಳೆಯ ಪರಿಚಯವೇ. ಕ್ರಿ.ಶ. 2ನೆಯ ಶತಮಾನದಲ್ಲಿ ಟಾಲೆಮಿ ಗ್ರೀಕ್ ಭಾಷೆಯಲ್ಲಿ ಬರೆದ ಭೂಗೋಳದಲ್ಲಿ ಬನವಾಸಿಯ ಹೆಸರಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ, ಎಲ್ಲರೂ ಒಪ್ಪಿಲ್ಲ. ಇದನ್ನು ಮನೆಯೊಡತಿಗೆ ಹೇಳಿದಾಗ, ‘ಹಾಗಾದರೆ ನೀವು ಬರಲು ತಡಮಾಡಿದಿರಿ’ ಎಂದರು.

ದ್ವೀಪಕ್ಕೆ ಕಷ್ಟಗಳಿಲ್ಲವೆಂದು ತಿಳಿಯಬಾರದು. 2023ರ ಬೇಸಿಗೆಯಲ್ಲಿ, ತೀರವನ್ನೆಲ್ಲ ಬಾಡಿಗೆಯ ಕೊಡೆ ಕುರ್ಚಿಗಳು ಆಕ್ರಮಿಸಿದವೆಂದು ನೆರೆಯ ಪಾರೋಸಿನ ಜನ ಟವಲು ಹಿಡಿದು ಪ್ರತಿಭಟನೆ ಹೂಡಿದರು; ಅದು ನಾಕ್ಸೋಸಿಗೂ ಹಬ್ಬಿತು. 2024ರಲ್ಲಿ ಮಳೆಯಿಲ್ಲದೆ ಜಲಾಶಯಗಳು ಬತ್ತಿ, ಬಾವಿಗಳಿಗೆ ಉಪ್ಪುನೀರು ನುಗ್ಗಿ, ಆಲೂಗಡ್ಡೆಯ ಬೆಳೆಗೆ ಪೆಟ್ಟು ಬಿತ್ತು. ಪ್ರವಾಸಿಯ ಒಂದು ಬಕೆಟ್ಟು ನೀರು ರೈತನ ಪಾಲಿನದೆಂಬುದನ್ನು ಹೋಗುವವರು ನೆನಪಿಡಬೇಕು.

ಹೋಗಬೇಕೆನ್ನುವವರಿಗೆ ನಾಲ್ಕು ಮಾತು. ವೀಸಾಕ್ಕೆ ಎರಡು ಮೂರು ತಿಂಗಳು ಮುಂಚೆಯೇ ಅರ್ಜಿ ಹಾಕಿರಿ. 2024ರ ಜೂನ್‌ನಿಂದ ಅದರ ಶುಲ್ಕ ದೊಡ್ಡವರಿಗೆ 90 ಯೂರೊ. ಗಾಳಿ ಎದ್ದರೆ ಹಡಗು ನಿಲ್ಲುತ್ತದೆ. ಆದ್ದರಿಂದ ಮರಳುವ ವಿಮಾನಕ್ಕೆ ಒಂದು ದಿನ ಮುಂಚೆಯೇ ಅಥೆನ್ಸಿಗೆ ಬಂದಿರಬೇಕು. ‘ನೆ’ ಎಂದರೆ ಅಲ್ಲಿ ಹೌದು, ‘ಓಹಿ’ ಎಂದರೆ ಇಲ್ಲ; ಮರಾಠಿ ಹಿಂದಿ ಕೇಳಿ ಕೇಳಿ ಪಳಗಿದ ಕಿವಿಗೆ ಇದು ತಿರುಗುಮುರುಗಾಗಿ ಕೇಳಿಸುತ್ತದೆ. ಚಟ್ನಿಪುಡಿ ಮರೆಯಬೇಡಿ. ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿರಿ. ಮಧ್ಯಾಹ್ನ ಮೂರರಿಂದ ಐದೂವರೆವರೆಗೆ ಮಾತ್ರ ಯಾರ ಬಾಗಿಲನ್ನೂ ತಟ್ಟಬೇಡಿ.